ಮೂಲೆ ಕತ್ತರಿಸಿದ ಕಾರ್ಡುಗಳು

ಆ ಗುರುವಾರ ಏನೇನು ಕೆಡಬಹುದಿತ್ತು ಎಂಬುದರ ಪಟ್ಟಿ ಇವತ್ತಿಗೂ ನನಗೆ ಬಾಯಿಪಾಠ. ಬುಧಗಾಂವದ ದೀಪಾಲಿ ಎಂಬ ಹೆಣ್ಣುಮಗಳಿಗೆ ಮರುದಿನ ಬೆಳಿಗ್ಗೆ ಸಿಜೇರಿಯನ್ ಆಗಬೇಕಿತ್ತು. ಅವಳು ಚಿಕ್ಕವಳಿದ್ದಾಗ, ಮಿರಜದ ನಮ್ಮದೇ ಆಸ್ಪತ್ರೆಯಲ್ಲಿ, ಯಾವುದೋ ಸೂಜಿ ಕೊಟ್ಟ ಮೇಲೆ ಉಸಿರು ಕಟ್ಟಿ ಸಾಯುವ ಹಾಗಾಗಿತ್ತು. ಯಾವ ಸೂಜಿ ಅನ್ನುವುದು ಅವಳಿಗೆ ಗೊತ್ತಿಲ್ಲ. ಅದನ್ನು ಬರೆದಿಟ್ಟಿರಬಹುದಾದ ಹಳೇ ಕಾರ್ಡನ್ನು ಸಂಜೆಯೊಳಗೆ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ಕಾರ್ಡೇ ಇಲ್ಲದಿರಬಹುದು. ಇದ್ದರೂ ರದ್ದಿಗೆ ಹೋಗಿರಬಹುದು. ರದ್ದಿಗೆ ಹೋಗದಿದ್ದರೂ ಸಾಂಗಲಿಯ ಗೋಡೌನಿಗೆ ಕೃಷ್ಣೆಯ ನೀರು ನುಗ್ಗಿದ್ದ ವರ್ಷ ನೆನೆದು ಹಪ್ಪಳದ ಹಿಟ್ಟಾಗಿರಬಹುದು. ನೀರು ಬಿಟ್ಟದ್ದನ್ನು ಗೆದ್ದಲು ತಿಂದಿರಬಹುದು. ಗೋಡೌನಿನ ಕೀಲಿ ಇರುವ ಮನುಷ್ಯ ಲಗ್ನಕ್ಕೆ ಹೋಗಿರಬಹುದು. ಕಾರ್ಡು ಸಿಕ್ಕರೂ ಅಕ್ಷರ ಅಳಿಸಿರಬಹುದು. ಅಕ್ಷರ ಓದಲು ಬಂದರೂ ಅದು ಬೇರೊಬ್ಬಳ ಕಾರ್ಡಾಗಿರಬಹುದು. ಇದು ಎಲ್ಲಕ್ಕಿಂತ ಕೆಟ್ಟದ್ದು, ಯಾಕೆಂದರೆ ಆಗ ಎಲ್ಲರೂ ಧೈರ್ಯವಾಗಿ ತಪ್ಪು ಮಾಡುತ್ತಾರೆ. ಕೊನೆಗೆ, ಹುಡುಕುತ್ತ ಹುಡುಕುತ್ತ ನನಗೇ ಬಿ.ಪಿ. ಏರಿ ಗೋಡೌನಿನಲ್ಲಿ ಬಿದ್ದರೆ ನನ್ನನ್ನು ಯಾವ ವಾರ್ಡಿನಲ್ಲಿ ಮಲಗಿಸುತ್ತಾರೆ ಎಂದೂ ಯೋಚಿಸಿಟ್ಟಿದ್ದೆ.

ನನ್ನ ಜಾಯಮಾನವೇ ಹೀಗೆ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸು ಓಡಿ ಬಂದವಳು ನಾನು. ಬಂದು ನೋಡಿದರೆ ಗ್ಯಾಸ್ ಬಂದ್ ಇತ್ತು, ಬಾಗಿಲು ಮಾತ್ರ ಹಾರು ಹೊಡೆದಿತ್ತು. ಇಂಥವಳು ಇಪ್ಪತ್ತಾರು ವರ್ಷ ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಕೆಲಸ ಮಾಡಿ, ಐವತ್ತೆರಡಕ್ಕೆ ಸ್ವಂತ ಖುಷಿಯಿಂದ ನಿವೃತ್ತಿ ತೆಗೆದುಕೊಂಡೆ. ಬಡ್ತಿಗಳ ಬಗ್ಗೆ ಬರೆಯುವಷ್ಟು ಬಡ್ತಿ ಸಿಗಲಿಲ್ಲ. ತಪ್ಪುಗಳ ಬಗ್ಗೆ ಬರೆಯಬಹುದು. ಅವುಗಳಲ್ಲಿ ಸ್ಟಾಕು ಚೆನ್ನಾಗಿದೆ. ಈಗ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಕಾಗದ ಮುಟ್ಟುವುದಿಲ್ಲ; ಕಂಪ್ಯೂಟರಿನಲ್ಲೇ ದಾಖಲೆಗಳಿಗೆ ಹೆಸರು ಕೊಡುತ್ತಾರೆ, ಗುರುತು ಕೊಡುತ್ತಾರೆ, ಮಾಡೆಲ್ ಬರೆಯುತ್ತಾರೆ. ಅವರಿಗಾಗಿ ಇದು.

ನಾನು ಸೇರಿದಾಗ ರೆಕಾರ್ಡ್ ರೂಮಿನ ಯಜಮಾನಿಕೆ ನಾನಾ ಅನ್ನುವವರದು. ಅವರ ಪೂರ್ತಿ ಹೆಸರು ಸಂಬಳದ ಪಟ್ಟಿಗೆ ಮಾತ್ರ ಗೊತ್ತಿತ್ತು. ಮನೆಮಾತು ಮರಾಠಿ. ಅಥಣಿ, ಜಮಖಂಡಿ ಕಡೆಯಿಂದ ಬರುವ ರೋಗಿಗಳ ಜೊತೆ ಬಡಿದಾಡುತ್ತ ಕನ್ನಡ ಕಲಿತವರು. ಬೈಗುಳ ಮೊದಲು, ಉಳಿದದ್ದು ಆಮೇಲೆ.

ಮೊದಲ ದಿನ ನಾನು ಕಾರ್ಡುಗಳನ್ನು ನಂಬರಿನ ಪ್ರಕಾರ, ಚಿಕ್ಕದರಿಂದ ದೊಡ್ಡದಕ್ಕೆ, ನೀಟಾಗಿ ಜೋಡಿಸಿದೆ. ನಾನಾ ಬಂದು ಎಲ್ಲವನ್ನೂ ಮೇಜಿನ ಮೇಲೆ ಸುರುವಿದರು. ನಂಬರಿನ ಬಾಲ ಹಿಡಿಯಬೇಕು, ತಲೆ ಅಲ್ಲ ಅಂದರು. ಅಂದರೆ ಕೊನೆಯ ಎರಡು ಅಂಕಿ ನೋಡಿ ಆ ಕಪಾಟಿಗೆ ಹಾಕುವುದು. ನನಗೆ ಇದು ಮುದುಕರ ಹಟ ಅನ್ನಿಸಿತ್ತು. ತಿಂಗಳೊಪ್ಪತ್ತಿನಲ್ಲಿ ತಿಳಿಯಿತು: ಹೊಸದಾಗಿ ಬರುವ ಕಾರ್ಡುಗಳ ತಲೆಯೆಲ್ಲ ಒಂದೇ ಥರ ಇರುತ್ತದೆ, ತಲೆ ಹಿಡಿದು ಜೋಡಿಸಿದರೆ ಒಂದೇ ಕಪಾಟು ಉಬ್ಬಿ ಒಡೆಯುತ್ತದೆ, ಉಳಿದವು ಖಾಲಿ ಕೂರುತ್ತವೆ. ಬಾಲಗಳು ಮಾತ್ರ ಎಲ್ಲ ಕಡೆಗೂ ಸಮನಾಗಿ ಹಂಚಿಕೊಳ್ಳುತ್ತವೆ. ಇದನ್ನು ಯಾರು ಕಂಡುಹಿಡಿದರೋ ಗೊತ್ತಿಲ್ಲ; ತಿಳಿದ ದಿನದಿಂದ ಅಂಕಿಗಳ ಬಗ್ಗೆ ನನಗೆ ಒಂದು ಕುತೂಹಲ ಹುಟ್ಟಿತು. ಗುರುತು ಅನ್ನುವುದು ಸುಮ್ಮನೆ ಹಚ್ಚುವ ಚೀಟಿ ಅಲ್ಲ, ಅದಕ್ಕೂ ಒಂದು ನಡತೆ ಇದೆ ಅನ್ನಿಸಿತು.

ನಾನಾನ ಇನ್ನೊಂದು ಪದ್ಧತಿ: ಮದುವೆಯಾದ ಹೆಣ್ಣುಮಗಳು ಬಂದರೆ ತವರಿನ ಹೆಸರು ಕೇಳದೆ ಕೇಸ್ ಪೇಪರ್ ಕೊಡುತ್ತಿರಲಿಲ್ಲ. ನಮ್ಮ ಕಡೆ ಮದುವೆಯಲ್ಲಿ ಬದಲಾಗುವುದು ಹುಡುಗಿಯ ಅಡ್ಡಹೆಸರು, ಅಂದರೆ ಮನೆತನದ ಹೆಸರು, ಅಷ್ಟೇ ಅಲ್ಲ. ತಾಟಿನಲ್ಲಿ ಅಕ್ಕಿ ಹರವಿ, ಅದರ ಮೇಲೆ ಗಂಡ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ಆವತ್ತಿನಿಂದ ಅವಳ ಹೆಸರೇ ಬೇರೆ. ನಡುವೆ ಅಪ್ಪನ ಹೆಸರಿದ್ದಲ್ಲಿ ಗಂಡನ ಹೆಸರು ಕೂರುತ್ತದೆ. ಊರು ಬದಲು, ಮನೆ ಬದಲು. ಹುಟ್ಟಿದ ತಾರೀಖಾದರೂ ಉಳಿದೀತು ಎಂದರೆ, ನಮ್ಮ ಕಾಲದ ಮಾಸ್ತರರು ಅರ್ಧ ಊರಿಗೆ ಜೂನ್ ಒಂದು ಎಂದೇ ಬರೆದುಬಿಟ್ಟಿದ್ದಾರೆ. ಹಾಗಾದರೆ ಹೆಣ್ಣುಮಗಳಲ್ಲಿ ಬದಲಾಗದೆ ಉಳಿಯುವುದು ಏನು? ನಾನಾ ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದವರಲ್ಲ. ತವರಿನ ಹೆಸರಿಗೊಂದು ಚೀಟಿ, ಗಂಡನ ಮನೆಯ ಹೆಸರಿಗೊಂದು ಚೀಟಿ ಬರೆದು, ಎರಡಕ್ಕೂ ತೂತು ಮಾಡಿ ದಾರ ಕಟ್ಟಿ ಇಡುತ್ತಿದ್ದರು.

ಸಂಜೆ ಮನೆಗೆ ಹೋಗುವ ಮುಂಚೆ ಅವರು ಇನ್ನೂ ಒಂದು ಕೆಲಸ ಮಾಡುತ್ತಿದ್ದರು. ಆವತ್ತು ಬಂದ ಕಾರ್ಡುಗಳಲ್ಲಿ ಕೆಲವನ್ನು ಆರಿಸಿ, ಬಲಗಡೆಯ ಮೇಲಿನ ಮೂಲೆಯನ್ನು ಕತ್ತರಿಯಿಂದ ಕಚಕ್ಕನೆ ಕತ್ತರಿಸುತ್ತಿದ್ದರು. ನಾನು ಯಾಕೆ ಎಂದು ಕೇಳಲಿಲ್ಲ. ಕೇಳುವ ಅಗತ್ಯವೇ ಕಾಣಲಿಲ್ಲ. ಬ್ಯಾಂಕಿನಲ್ಲಿ ಖಾತೆ ಬಂದ್ ಆದರೆ ಪಾಸ್‌ಬುಕ್ಕಿನ ಮೂಲೆ ಕತ್ತರಿಸಿ ಕೊಡುತ್ತಾರೆ; ನಮ್ಮಪ್ಪನ ಪಾಸ್‌ಬುಕ್ಕು ಹಾಗೆ ಬಂದದ್ದನ್ನು ನೋಡಿದ್ದೆ. ಇದೂ ಅದೇ, ಕೇಸು ಮುಗಿದ ಕಾರ್ಡು ಎಂದು ತಿಳಿದೆ. ಎಲ್ಲದಕ್ಕೂ ಹೆದರುವವಳು ಇದೊಂದು ವಿಷಯದಲ್ಲಿ ಮಾತ್ರ ಪೂರ್ತಿ ನಿಶ್ಚಿಂತೆಯಿಂದ ಇದ್ದೆ.

ನಾನಾ ನಿವೃತ್ತರಾದರು. ಕೆಲವು ವರ್ಷದ ಮೇಲೆ ಕಂಪ್ಯೂಟರ್ ಬಂತು. ಅದರ ಜೊತೆ ಪುಣೆಯಿಂದ ಮೃಣಾಲ್ ಬಂದಳು. ಆಸ್ಪತ್ರೆಯ ಮಾಹಿತಿಯನ್ನು ಒಂದು ಕಂಪ್ಯೂಟರ್ ಇನ್ನೊಂದಕ್ಕೆ ತಪ್ಪಿಲ್ಲದೆ ಹೇಳಬೇಕಾದರೆ, ಪ್ರತಿಯೊಂದು ಸಂಗತಿಗೂ ಒಂದು ಹೆಸರು, ಒಂದು ಗುರುತು, ಒಂದು ಅರ್ಥ ಮೊದಲೇ ಬರೆದಿಡಬೇಕು. ಹಾಗೆ ಬರೆದಿಟ್ಟ ನಕ್ಷೆಗೆ ಮಾಡೆಲ್ ಎನ್ನುತ್ತಾರೆ; ಅದನ್ನು ಬರೆಯಲಿಕ್ಕೆ ಬೇರೆಯದೇ ಒಂದು ಭಾಷೆ ಇದೆ. ಅದನ್ನು ನಮಗೆ ಕಲಿಸುವುದು ಮೃಣಾಲಳ ಕೆಲಸ. ಅವಳ ಅಜ್ಜಿ ಕನ್ನಡದವರು. ಹುಡುಗಿಗೆ ಕನ್ನಡ ತಿಳಿಯುತ್ತದೆ, ಮಾತಾಡಲು ನಾಲಿಗೆ ಏಳುವುದಿಲ್ಲ. ನಾನು ಕನ್ನಡದಲ್ಲಿ ಕೇಳುತ್ತಿದ್ದೆ, ಅವಳು ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದಳು. ಕಂಪ್ಯೂಟರಿಗೆ ಎರಡೂ ಬೇಕಿರಲಿಲ್ಲ.

ಆ ಭಾಷೆಯ ನೇಮಗಳು ನಮ್ಮ ಮಡಿ ಹೆಂಗಸರ ನೇಮಗಳಿಗಿಂತ ಕಟ್ಟುನಿಟ್ಟು. ಹೆಸರು ದೊಡ್ಡ ಇಂಗ್ಲಿಷ್ ಅಕ್ಷರದಿಂದಲೇ ಸುರು ಆಗಬೇಕು, ಅಂಕಿಯಿಂದ ಅಲ್ಲ. ನಡುವೆ ಖಾಲಿ ಜಾಗ ಬಿಡುವ ಹಾಗಿಲ್ಲ. ಎರಡು ಶಬ್ದ ಇದ್ದರೆ ಒಂದರ ಬೆನ್ನಿಗೆ ಒಂದು ಅಂಟಿಕೊಂಡು ನಿಲ್ಲಬೇಕು. ಒಂದು ಸಂಗತಿಗೆ ಒಂದೇ ಹೆಸರು, ಒಂದು ಹೆಸರಿಗೆ ಒಂದೇ ಸಂಗತಿ. ‘ಇತರೆ’ ಅಂತ ಯಾವುದಕ್ಕೂ ಹೆಸರಿಡಬಾರದು, ಯಾಕೆಂದರೆ ಸೋಮಾರಿಗಳು ಎಲ್ಲವನ್ನೂ ಅದರಲ್ಲಿ ತುರುಕುತ್ತಾರೆ. ಇನ್ನು ಗುರುತು, ಅಂದರೆ ಐಡಿ: ಅದರಲ್ಲಿ ಅಕ್ಷರ, ಅಂಕಿ, ಅಡ್ಡಗೆರೆ, ಚುಕ್ಕೆ ಬಿಟ್ಟು ಮತ್ತೇನೂ ಬರಕೂಡದು, ಉದ್ದಕ್ಕೂ ಮಿತಿ ಇದೆ. ಒಮ್ಮೆ ಒಂದಕ್ಕೆ ಕೊಟ್ಟ ಐಡಿಯನ್ನು, ಅದು ಸತ್ತರೂ, ಮತ್ತೊಂದಕ್ಕೆ ಕೊಡಬಾರದು. ಎಲ್ಲಕ್ಕಿಂತ ಮುಖ್ಯ, ಐಡಿಯಲ್ಲಿ ಊರು, ವರ್ಷ, ಜಾತಿ, ಲಿಂಗ ಯಾವುದನ್ನೂ ಅಡಗಿಸಿಡಬಾರದು. ಅದು ಏನನ್ನೂ ಹೇಳದ ಐಡಿಯಾಗಿರಬೇಕು. ಮನುಷ್ಯ ಊರು ಬಿಟ್ಟರೂ ಅದು ಸುಳ್ಳಾಗಬಾರದು.

ನನಗೆ ಇದೆಲ್ಲ ಬಹಳ ಸೇರಿತು. ಅಡುಗೆಮನೆಯ ಡಬ್ಬಿಗಳಿಗೂ ಚೀಟಿ ಹಚ್ಚಿದೆ. ಮನೆಯವರು ಒಂದು ವಾರ ಸಹಿಸಿಕೊಂಡು, ಆಮೇಲೆ ತಮ್ಮ ಬೆನ್ನಿಗೂ ಒಂದು ಹಚ್ಚಿಬಿಡು, ಮರೆತು ಯಾರಿಗಾದರೂ ಕೊಟ್ಟೀಯ ಅಂದರು.

ಸೇರಿತು ಎಂದರೆ ತಿಳಿಯಿತು ಎಂದಲ್ಲ. ನಮ್ಮ ಹಳೇ ನಂಬರುಗಳಲ್ಲಿ ವಾರ್ಡಿನ ಅಂಕಿ, ಒಂದು ಓರೆಗೆರೆ, ಆಮೇಲೆ ಕಾರ್ಡಿನ ಅಂಕಿ ಇರುತ್ತಿತ್ತು. ಓರೆಗೆರೆಗೆ ಹೊಸ ನೇಮದಲ್ಲಿ ಪರವಾನಗಿ ಇಲ್ಲ. ನಾನು ಮೃಣಾಲಳನ್ನು ಕೇಳದೆ, ಜಾಣತನ ತೋರಿಸಿ, ಎಲ್ಲ ಓರೆಗೆರೆ ಅಳಿಸಿದೆ. ಒಂದನೇ ವಾರ್ಡಿನ ಸಾವಿರದ ಇನ್ನೂರ ಹದಿನಾಲ್ಕೂ, ಹನ್ನೊಂದನೇ ವಾರ್ಡಿನ ಇನ್ನೂರ ಹದಿನಾಲ್ಕೂ ಗೆರೆ ಹೋದ ಮೇಲೆ ಒಂದೇ ನಂಬರಾದವು. ಕವಲಾಪುರದ ಅರವತ್ತು ದಾಟಿದ ಬ್ರಹ್ಮಚಾರಿ ಕಾಕಾ ಒಬ್ಬರಿಗೆ ನಮ್ಮ ಆಸ್ಪತ್ರೆಯಿಂದ ಫೋನು ಹೋಯಿತು, ನಿಮ್ಮ ಕೂಸಿನ ಲಸಿಕೆ ಬಾಕಿ ಇದೆ, ಕರೆದುಕೊಂಡು ಬನ್ನಿ ಎಂದು. ಮೂರು ಸಲ ಹೋಯಿತು. ಮೂರನೇ ಸಲಕ್ಕೆ ಅವರು ಬಸ್ಸು ಹತ್ತಿ ಖುದ್ದಾಗಿ ಬಂದು ನನ್ನ ಮುಂದೆ ಕೂತರು. ಸಿಟ್ಟು ಮಾಡಲಿಲ್ಲ.

“ಬಾಯಿ, ಕೂಸು ಎಲ್ಲೈತಿ ಅಂತ ನೀವ ಹೇಳ್ರಿ, ನಾ ಕರ್ಕೊಂಡ ಬರ್ತೀನಿ,” ಅಂದರು. “ಅದರ ಅವ್ವ ಯಾರಂತನೂ ಹೇಳಿದ್ರ ಛಲೋ ಆಗ್ತಿತ್ತು.”

ಇಷ್ಟು ಕಲಿತ ಮೇಲಾದರೂ ಬುದ್ಧಿ ಬರಬೇಕಿತ್ತು. ಆದರೆ ದೊಡ್ಡ ತಪ್ಪುಗಳು ಎರಡು ಬಾಕಿ ಇದ್ದವು, ಅವೆರಡನ್ನೂ ನಾನು ಒಂದೇ ವಾರದಲ್ಲಿ ಮಾಡಿದೆ.

ಮೊದಲನೆಯದು. ರೋಗಿಯ ವಿವರಕ್ಕೆ ಹೊರಗಿನಿಂದ ಬಂದ ಸಿದ್ಧ ಮಾಡೆಲಿನಲ್ಲಿ ‘ಹಿಂದಿನ ಅಡ್ಡಹೆಸರು’ ಎಂಬ ಒಂದು ಕಲಂ ಇತ್ತು. ಅದನ್ನು ಬರೆದವರ ದೇಶದಲ್ಲಿ ಮದುವೆಯಾದರೆ ಅಷ್ಟೇ ಬದಲಾಗುತ್ತದೆ ಅಂತ ಕಾಣುತ್ತದೆ. ಇದನ್ನು ಇಟ್ಟುಕೊಳ್ಳೋಣವೇ, ತೆಗೆಯೋಣವೇ ಎಂದು ಮೃಣಾಲ್ ಕೇಳಿದಳು. ನಮ್ಮ ಕೌಂಟರಿನಲ್ಲಿ ಈಗಾಗಲೇ ಸಾಲು ಗೇಟಿನ ತನಕ ನಿಲ್ಲುತ್ತದೆ, ಬರೀ ಅಡ್ಡಹೆಸರು ತಗೊಂಡು ಏನು ಮಾಡುವುದು, ತೆಗಿ ಅಂದೆ. ಇದನ್ನು ಹೇಳಿದವಳು ಯಾರು? ಮಾಲಗಾಂವದಲ್ಲಿ ಪದ್ಮಾವತಿಯಾಗಿ ಹುಟ್ಟಿ, ಅಕ್ಕಿಯ ತಾಟಿನ ಮೇಲೆ ಸುಜಾತಾ ಆದವಳು. ಶಾಲೆಯ ದಾಖಲೆ ಒಂದು ಹೆಸರಿನಲ್ಲಿ, ನೌಕರಿ ಇನ್ನೊಂದು ಹೆಸರಿನಲ್ಲಿ; ಎರಡೂ ನಾನೇ ಎಂದು ಗೆಜೆಟ್ಟಿನಲ್ಲಿ ಅಚ್ಚು ಹಾಕಿಸಲು ವರ್ಷಗಟ್ಟಲೆ ಓಡಾಡಿದವಳು. ನಾನಾ ಕಟ್ಟಿದ್ದ ದಾರಗಳು ಸ್ಕ್ಯಾನರಿಗೆ ಸಿಕ್ಕಿಕೊಳ್ಳುತ್ತವೆ ಎಂದು ಅವನ್ನೂ ಬಿಚ್ಚಿಸಿ, ಚೀಟಿಗಳನ್ನು ಬೇರೆ ಬೇರೆಯಾಗಿ ಟೈಪ್ ಮಾಡಿಸಿದೆ. ದಾರದ ಉಂಡೆ ಮಾತ್ರ ದೊಡ್ಡದಾಯಿತು, ದೇವರ ಮುಂದೆ ಬತ್ತಿ ಹೊಸೆಯಲಿಕ್ಕೂ ಬರದಂಥದ್ದು.

ಎರಡನೆಯದು. ಹಳೇ ಕಾರ್ಡುಗಳನ್ನು ಸ್ಕ್ಯಾನ್ ಮಾಡುವಾಗ, ಮೂಲೆ ಕತ್ತರಿಸಿದವನ್ನು ಏನು ಮಾಡುವುದು ಎಂದು ಹುಡುಗರು ಕೇಳಿದರು. ಅವು ಬಂದ್ ಆದ ಕೇಸುಗಳು, ಹೆಸರು ನಂಬರು ಹಾಕಿ ‘ಬಂದ್’ ಎಂದು ಬರೆಯಿರಿ, ಸ್ಕ್ಯಾನ್ ಬೇಡ ಅಂದೆ. ಹಾಗೆ ಬೇರೆ ಮಾಡಿದ ಕಾರ್ಡುಗಳನ್ನು ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ, ರದ್ದಿಗೆ ಹಾಕಲೆಂದು ಸಾಂಗಲಿಯ ಗೋಡೌನಿಗೆ ಕಳಿಸಿದೆವು. ಮೃಣಾಲ್ ಮಾತ್ರ ಒಂದು ಪ್ರಶ್ನೆ ಕೇಳಿದ್ದಳು: ಮೂಲೆ ಕತ್ತರಿಸಿದರೆ ಬಂದ್ ಎಂಬುದು ಎಲ್ಲಿ ಬರೆದಿದೆ? ಎಲ್ಲರಿಗೂ ಗೊತ್ತಿರುವುದನ್ನು ಯಾರು ಬರೆಯುತ್ತಾರೆ ಎಂದು ನಾನು ನಕ್ಕೆ.

ಈಗ ಆ ಗುರುವಾರ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಭೂಲ, ಅಂದರೆ ಅರಿವಳಿಕೆ, ಕೊಡುವ ಡಾಕ್ಟರಬಾಯಿ ತಾವೇ ರೆಕಾರ್ಡ್ ರೂಮಿಗೆ ಬಂದರು. ದೀಪಾಲಿಯ ಹೊಟ್ಟೆಯಲ್ಲಿ ಕೂಸು ಅಡ್ಡ ತಿರುಗಿದೆ, ಕಾಯುವ ಹಾಗಿಲ್ಲ, ನಾಳೆ ಬೆಳಿಗ್ಗೆ ಕೊಯ್ಯಲೇಬೇಕು ಅಂದರು. ಹುಡುಗಿ ಎಂಟೊಂಬತ್ತು ವರ್ಷದವಳಿದ್ದಾಗ ಇಲ್ಲೇ ಅಪೆಂಡಿಕ್ಸ್ ಆಪರೇಷನ್ ಆಗಿತ್ತಂತೆ, ಆಗ ಒಂದು ಸೂಜಿ ಮೈಗೆ ಆಗದೆ ಜೀವಕ್ಕೆ ಬಂದಿತ್ತಂತೆ. ತಾಯಿ ತೀರಿಹೋಗಿದ್ದಾಳೆ. ತಂದೆಗೆ ನೆನಪಿರುವುದು ‘ಬಿಳೇ ಸೂಜಿ’ ಎಂದಷ್ಟೇ.

“ಅದು ಭೂಲಿನ ಔಷಧ ಇತ್ತೋ, ಆಮೇಲೆ ಕೊಟ್ಟ ಔಷಧ ಇತ್ತೋ, ಅಷ್ಟ ತಿಳೀಬೇಕು ನನಗ,” ಅಂದರು. “ತಿಳೀದಿದ್ರೂ ನಾ ಮಾಡಾಕಬೇಕು. ತಿಳಿದ್ರ ಕೈ ನಡಗಂಗಿಲ್ಲ.”

ಡಾಕ್ಟರು ತಮ್ಮ ಕೈ ನಡುಗಬಹುದು ಎಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಡಬ್ಬಿ ಮುಚ್ಚಿದೆ.

ಕಂಪ್ಯೂಟರಿನಲ್ಲಿ ದೀಪಾಲಿ ಎಂದು ಹುಡುಕಿದರೆ ಈ ಬಸಿರಿನ ತಪಾಸಣೆಗಳು ಬಿಟ್ಟು ಏನೂ ಇಲ್ಲ; ಕಂಪ್ಯೂಟರಿನ ಪ್ರಕಾರ ಅವಳು ಏಳು ತಿಂಗಳ ಹಿಂದೆ ಹುಟ್ಟಿದವಳು. ಎರಡು ನಿಮಿಷ ಪರದೆಯನ್ನೇ ನೋಡುತ್ತ ಕೂತೆ. ಆಮೇಲೆ, ದೀಪಾಲಿ ಅನ್ನುವುದು ಗಂಡನ ಮನೆಯ ಹೆಸರು ಎಂದು ಹೊಳೆಯಿತು. ವಾರ್ಡಿಗೆ ಹೋದೆ. ದೀಪಾಲಿ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು, ಪಕ್ಕದಲ್ಲಿ ಅತ್ತೆ.

“ತವರಮನ್ಯಾಗ ನಿನಗ ಏನಂತಿದ್ರವ್ವಾ?” ಎಂದು ಕೇಳಿದೆ.

“ಶಕುಂತಲಾ ಅಂತಿದ್ರು ಮಾವಶಿ. ಮಾಲಗಾಂವ ನಮ್ದು. ಅಪ್ಪನ ಹೆಸರು ಅಪ್ಪಾಸಾಹೇಬ.”

ಓಡಿ ಬಂದು ಹಾಕಿದೆ. ಶಕುಂತಲಾ ಅಪ್ಪಾಸಾಹೇಬ, ಮಾಲಗಾಂವ: ಒಂದೇ ಒಂದು ಸಾಲು ಬಂತು. ನಂಬರು ಇತ್ತು. ಚಿತ್ರ ಇರಲಿಲ್ಲ. ಚಿತ್ರ ಇರಬೇಕಾದಲ್ಲಿ ನಾನು ಬರೆಸಿದ್ದ ಒಂದು ಶಬ್ದ ಇತ್ತು: ಬಂದ್.

ನಾನಾ ಆಸ್ಪತ್ರೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಇದ್ದರು. ಎಂಬತ್ತು ದಾಟಿತ್ತು, ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಬಂದ್ ಆದ ಕೇಸುಗಳ ಬೇರೆ ನೋಂದಣಿ ಎಲ್ಲಾದರೂ ಇತ್ತೇ ಎಂದು ಕೇಳಿದೆ. ಯಾವ ಬಂದ್ ಎಂದರು. ಅದೇ, ನೀವು ಮೂಲೆ ಕತ್ತರಿಸುತ್ತಿದ್ದಿರಲ್ಲ ಅಂದೆ. ಬೆಳ್ಳುಳ್ಳಿಯ ಕೈ ನಿಂತಿತು.

“ಬಂದ್ ಅಂತ ಯಾರ ಹೇಳ್ಯಾರ ನಿನಗ?”

“ಪಾಸ್‌ಬುಕ್ಕಿಗೆ ಹಂಗ ಮಾಡ್ತಾರಲ್ರಿ ನಾನಾ.”

“ಅದೇನ ಬ್ಯಾಂಕ ಏನ ಪೋರಿ? ಹಿಂದಿನ ಬಾಜೂ ನೋಡು ಅಂತ ಅದು. ಔಷಧ ಆಗಿಬರದವರದು, ಬ್ಯಾರೇ ರಗಳಿ ಇದ್ದವರದು ಹಿಂದ ಬರದು ಮೂಲಿ ಕತ್ತರಸ್ತಿದ್ದೆ. ಲೈಟ ಹೋದಾಗೂ ಮುಟ್ಟಿದ್ರ ಕೈಬಟ್ಟಿಗೆ ತಿಳೀಬೇಕು.”

ನಾನು ಕಟ್ಟೆಯ ಮೇಲೆ ಕೂತೆ. ಅಷ್ಟೂ ವರ್ಷಗಳಲ್ಲಿ ಯಾವ ಕಾರ್ಡುಗಳನ್ನು ಅವರು ಎಲ್ಲಕ್ಕಿಂತ ಜೋಪಾನವಾಗಿ ಇಟ್ಟಿದ್ದರೋ, ನಿಖರವಾಗಿ ಅವನ್ನೇ ಆರಿಸಿ ನಾನು ರದ್ದಿಯ ಗಂಟು ಕಟ್ಟಿಸಿದ್ದೆ. ನಾನು ಒಂದು ಸಲವೂ ಕೇಳಲಿಲ್ಲ ನಾನಾ ಅಂದೆ. ಅವರು, ನಾನೂ ಹೇಳಲಿಲ್ಲ ಅಂದರು. ಆಮೇಲೆ, ಕೂತು ಏನು ಮಾಡ್ತಿ, ಎದ್ದು ಹೋಗು ಎಂದು ಬೈದರು. ಆ ಬೈಗುಳ ನನ್ನನ್ನು ಎಬ್ಬಿಸಿತು.

ಮೃಣಾಲಳ ಸ್ಕೂಟಿಯ ಹಿಂದೆ ಕೂತು ಸಾಂಗಲಿಗೆ ಹೊರಟೆ. ದಾರಿಯಲ್ಲಿ ವಿಶ್ರಾಮಬಾಗ ದಾಟುವಾಗ ಅವಳಿಗೆ ಎಲ್ಲ ಹೇಳಿದೆ. ಎಲ್ಲಿ ಬರೆದಿದೆ ಅಂತ ಆವತ್ತೇ ಕೇಳಿದ್ದೆನಲ್ಲ ಎಂದು ಅವಳು ಹಂಗಿಸಬಹುದಿತ್ತು; ಹಂಗಿಸಲಿಲ್ಲ. ಗಾಳಿಗೆ ಮುಖ ಕೊಟ್ಟು ಒಂದೇ ಒಂದು ಮಾತು ಕೇಳಿದಳು, ರದ್ದಿಯವನು ಬಂದು ಹೋಗಿದ್ದಾನೆಯೇ ಎಂದು.

ಅದು ನನಗೂ ಗೊತ್ತಿರಲಿಲ್ಲ. ರದ್ದಿಗೆ ಹಾಕಲು ಒಪ್ಪಿಗೆ ಕೊಡುವ ಕಾಗದ ನಾಲ್ಕು ತಿಂಗಳಿಂದ ನನ್ನ ಮೇಜಿನಲ್ಲೇ ಇತ್ತು. ‘ಜವಾಬ್ದಾರರು’ ಎಂಬ ಶಬ್ದದ ಮುಂದೆ ನಾನು ಸಹಿ ಹಾಕಬೇಕಿತ್ತು. ಆ ಶಬ್ದ ನೋಡಿದಾಗಲೆಲ್ಲ, ನಾಳೆ ನೋಡೋಣ ಎಂದು ಕೆಳಗಿನ ಖಾನೆಗೆ ತಳ್ಳುತ್ತಿದ್ದೆ. ಆಡಳಿತದ ಸಾಹೇಬರು ಎರಡು ಸಲ ಗದರಿದ್ದರು. ನನ್ನ ಸಹಿ ಇಲ್ಲದೆ ಗಂಟು ಹೊರಬೀಳಬಾರದು. ಆದರೆ ಬೀಳಬಾರದ್ದು ಎಷ್ಟು ಬಿದ್ದಿಲ್ಲ? ಸಾಹೇಬರೇ ಸಹಿ ಹಾಕಿ ಕಳಿಸಿರಬಹುದು ಎಂದು ದಾರಿಯುದ್ದಕ್ಕೂ ಚಿಂತಿಸಿದೆ.

ಗೋಡೌನಿನ ಕೀಲಿಯ ಮನುಷ್ಯ ಲಗ್ನಕ್ಕೆ ಹೋಗಿರಲಿಲ್ಲ. ಬಾಗಿಲಲ್ಲೇ ಕೂತು ಬೀಡಿ ಸೇದುತ್ತಿದ್ದ. ಒಳಗೆ ಗಂಟುಗಳು ಗೋಡೆಗೆ ಒರಗಿ ಇದ್ದವು. ಒಂದೂ ಹೋಗಿರಲಿಲ್ಲ. ನೀರು ಏರಿದ ಗುರುತು ಗೋಡೆಯ ಮೇಲೆ ಇತ್ತು, ಅದು ಹಳೆಯದು, ಗಂಟುಗಳು ಬರುವ ಮುಂಚಿನದು. ನಾನು ಪಟ್ಟಿಯಿಂದ ಒಂದೊಂದೇ ಚಿಂತೆ ಹೊಡೆದುಹಾಕುತ್ತ ಹೋದೆ.

ಇಷ್ಟು ಗಂಟುಗಳಲ್ಲಿ ಒಂದು ಕಾರ್ಡು ಹುಡುಕುವುದು ಹೇಗೆ ಎಂದು ಮೃಣಾಲ್ ನಿಂತಳು. ನಾನು ಒಂದು ಗಂಟು ಬಿಚ್ಚಿ ಮೇಲಿನ ನಾಲ್ಕು ಕಾರ್ಡು ನೋಡಿದೆ. ನಾಲ್ಕರ ಬಾಲವೂ ಹದಿನೇಳು. ಹುಡುಗರು ಕಪಾಟಿನಿಂದ ಕಪಾಟಿಗೆ ಖಾಲಿ ಮಾಡಿಕೊಂಡು ಗಂಟು ಕಟ್ಟಿದ್ದರು. ನಾನಾನ ಜೋಡಣೆ ಅವರಿಗೆ ಗೊತ್ತಿಲ್ಲದ ಹಾಗೇ ಗಂಟಿನೊಳಗೆ ಉಳಿದುಕೊಂಡಿತ್ತು. ನಮಗೆ ಬೇಕಾದ್ದು ಮೂವತ್ತೆಂಟು. ಏಳನೇ ಗಂಟಿಗೆ ಮೂವತ್ತಾರು ಬಂತು, ಎಂಟನೆಯದರಲ್ಲಿ ಮೂವತ್ತೆಂಟು. ಮೃಣಾಲ್ ಕಣ್ಣಿನಿಂದ ಓದುತ್ತಿದ್ದಳು. ನಾನು ಬೆರಳು ಜಾರಿಸುತ್ತ ಹೋದೆ. ಎಲ್ಲ ಕಾರ್ಡಿನ ಮೂಲೆಯೂ ಬೆರಳಿಗೆ ಕತ್ತರಿಸಿದ್ದೇ ಸಿಗುತ್ತಿತ್ತು. ಪ್ರತಿಯೊಂದೂ ಯಾರೋ ಒಬ್ಬರಿಗೆ ಆಗಿಬರದ ಔಷಧ. ಒಂದು ಸಲ ಕೈ ಹಿಂದಕ್ಕೆ ತೆಗೆದೆ, ಕಾದ ಹೆಂಚು ಮುಟ್ಟಿದವರ ಹಾಗೆ.

ಕಾರ್ಡು ಮೃಣಾಲಳ ಕೈಗೆ ಸಿಕ್ಕಿತು. ಮುಂದೆ ಹೆಸರು, ಅಪ್ಪನ ಹೆಸರು, ಊರು, ಅಪೆಂಡಿಕ್ಸ್, ಮನೆಗೆ ಕಳಿಸಿದ ತಾರೀಖು. ಗುರುತು ಎಂಬ ಕಲಮಿನಲ್ಲಿ, ಎಡ ಮೊಣಕೈ ಹತ್ತಿರ ಸುಟ್ಟ ಕಲೆ. ಹಿಂದೆ ತಿರುಗಿಸಿದರೆ ನಾನಾನ ಪೆನ್ಸಿಲು, ಮರಾಠಿಯಲ್ಲಿ: ಆಪರೇಷನ್ ಆದ ಎರಡನೇ ದಿನ ಪೆನಿಸಿಲಿನ್ ಸೂಜಿ. ಐದು ನಿಮಿಷದಲ್ಲಿ ಮೈಯೆಲ್ಲ ದದ್ದು, ಉಸಿರು ಕಟ್ಟಿತು. ಮತ್ತೆ ಎಂದೂ ಕೊಡಬಾರದು. ಭೂಲಿಗೆ ಏನೂ ತೊಂದರೆ ಆಗಿಲ್ಲ.

ಕೊನೆಯ ಸಾಲನ್ನು ನಾನಾ ಯಾಕೆ ಬರೆದರೋ. ಹೀಗೆ ಒಂದು ದಿನ ಒಬ್ಬ ಡಾಕ್ಟರಬಾಯಿ ಕೇಳುತ್ತಾರೆ ಎಂದು ಅವರಿಗೆ ಹೇಗೆ ಗೊತ್ತಿತ್ತೋ. ಆಮೇಲೆ ಕೇಳಿದಾಗ, ಜಾಗ ಉಳಿದಿತ್ತು, ಬರೆದೆ ಅಂದರು.

ಮಿರಜಕ್ಕೆ ವಾಪಸು ಬಂದು ಮೊದಲು ವಾರ್ಡಿಗೆ ಹೋದೆ. ಬೇರೊಬ್ಬಳ ಕಾರ್ಡಾಗಿದ್ದರೆ ಎಂಬ ಚಿಂತೆ ಇನ್ನೂ ಪಟ್ಟಿಯಲ್ಲಿತ್ತು. ದೀಪಾಲಿಯ ಎಡಗೈಯ ಬಳೆ ಕೆಳಗೆ ಸರಿಸಿ, ಮೊಣಕೈ ತಿರುಗಿಸಿ ನೋಡಿದೆ. ಕಲೆ ಇತ್ತು, ಹುಣಸೆಬೀಜದಷ್ಟು. ಹೆಸರು, ಊರು, ತಂದೆಯ ಜಾಗದಲ್ಲಿ ಗಂಡ, ಎಲ್ಲ ಬದಲಾಗಿದ್ದವಳಲ್ಲಿ ಆ ಸುಟ್ಟ ಕಲೆ ಮಾತ್ರ ತನ್ನ ಜಾಗ ಬಿಟ್ಟಿರಲಿಲ್ಲ. ಏನು ನೋಡುತ್ತಿದ್ದೀರಿ ಎಂದು ಅತ್ತೆ ಕೇಳಿದರು. ನಿಮ್ಮ ಸೊಸೆಯನ್ನೇ ಅಂದೆ.

ಡಾಕ್ಟರಬಾಯಿ ಕಾರ್ಡನ್ನು ನಿಂತೇ ಓದಿದರು, ಕೊನೆಯ ಸಾಲನ್ನು ಎರಡು ಸಲ. “ಆತು,” ಅಂದರು. “ಇನ್ನ ನೀವು ಮನೀಗೆ ಹೋಗ್ರಿ.” ಮರುದಿನ ಬೆಳಿಗ್ಗೆ ಹತ್ತರೊಳಗೆ ಎಲ್ಲ ಸುಸೂತ್ರವಾಗಿ ಆಯಿತು. ಹೆಣ್ಣುಕೂಸು. ಅಡ್ಡ ತಿರುಗಿದ್ದಕ್ಕೆ ಸ್ವಲ್ಪವೂ ನಾಚಿಕೆ ಇಲ್ಲದ ಹಾಗೆ ಚೀರುತ್ತಿತ್ತು.

ಸಾಹೇಬರು ನನ್ನನ್ನು ಕರೆಸಿ, ಗಂಟುಗಳನ್ನು ತಡೆದಿಟ್ಟದ್ದು ದೂರದೃಷ್ಟಿ ಎಂದು ಹೊಗಳಿದರು. ಅದು ಸಹಿ ಹಾಕುವ ಭಯ ಎಂದು ನಾನು ಆವತ್ತು ಹೇಳಲಿಲ್ಲ. ಈಗ ಹೇಳಿದ್ದೇನೆ.

ಗಂಟುಗಳೆಲ್ಲ ಮಿರಜಕ್ಕೆ ವಾಪಸು ಬಂದವು. ಎರಡೂ ಬದಿ ಸ್ಕ್ಯಾನ್ ಮಾಡಲು ಮಳೆಗಾಲ ಪೂರ್ತಿ ಹಿಡಿಯಿತು. ನಾನೇ ಕೂತು ಮಾಡಿದೆ, ಯಾರಿಗೂ ಕೊಡಲಿಲ್ಲ. ಮಾಡೆಲಿನಲ್ಲಿ ಎರಡು ಹೊಸ ಕಲಮುಗಳು ಬಂದವು. ಒಂದು, ರೋಗಿಗೆ ಎಷ್ಟು ಹೆಸರು ಬೇಕಾದರೂ ಇರಬಹುದು, ಪ್ರತಿ ಹೆಸರಿಗೂ ಯಾವಾಗಿನಿಂದ ಯಾವಾಗಿನ ತನಕ ಎಂದು ಬರೆಯಬೇಕು, ಐಡಿ ಮಾತ್ರ ಒಂದೇ. ಇನ್ನೊಂದು, ಆಗಿಬರದ ಔಷಧದ್ದು. ಅದಕ್ಕೆ ಏನು ಹೆಸರಿಡಬೇಕು ಎಂದು ನಾವಿಬ್ಬರೂ ಎರಡು ದಿನ ಜಗಳವಾಡಿದೆವು. ನಾನಾನ ಹೆಸರು ಇಡೋಣ ಎಂದು ನಾನು. ವ್ಯಕ್ತಿಯ ಹೆಸರು ಇಟ್ಟರೆ ಹತ್ತು ವರ್ಷದ ಮೇಲೆ ಬರುವವಳು ಅದನ್ನು ಓದಿ ಏನು ತಿಳಿಯುತ್ತಾಳೆ ಎಂದು ಅವಳು. ಅವಳದೇ ಸರಿ. ಕೊನೆಗೆ ಇಂಗ್ಲಿಷಿನಲ್ಲಿ, ಖಾಲಿ ಜಾಗ ಬಿಡದೆ, ಇದನ್ನು ಕೊಡಬೇಡಿ ಎಂಬ ಅರ್ಥದ ಸಾದಾ ಹೆಸರು ಇಟ್ಟೆವು. ಅದರ ವಿವರಣೆಯಲ್ಲಿ ಮೃಣಾಲ್ ಒಂದು ಸಾಲು ಸೇರಿಸಿದಳು: ಹಳೇ ಕಾರ್ಡುಗಳಲ್ಲಿ ಇದನ್ನು ಬಲ ಮೇಲ್ಮೂಲೆ ಕತ್ತರಿಸಿ ಸೂಚಿಸಲಾಗುತ್ತಿತ್ತು. ಹೊಸಬರಿಗೆ ನಾನು ಹೇಳಬೇಕಾದ್ದು ಆ ಸಾಲಿನಲ್ಲೇ ಇದೆ. ನಿಮ್ಮ ಆಫೀಸಿನಲ್ಲಿಯೂ ಯಾರೋ ಒಬ್ಬರು ಸಂಜೆ ಏನನ್ನೋ ಕತ್ತರಿಸುತ್ತಿರುತ್ತಾರೆ. ಯಾಕೆ ಎಂದು ಕೇಳಿ.

ಇನ್ನು ಕೆಟ್ಟದ್ದು ಏನು? ಒಂದಿದೆ, ಚಿಕ್ಕದು.

ಗುರುವಾರ ಸಂಜೆಯೇ ನಾನು ಎರಡೂ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಸೇರಿಸಿದ್ದೆ. ಸೇರಿಸುವಾಗ ಈಗ ನಡೆಯುವ ಹೆಸರು ಯಾವುದು ಎಂಬಲ್ಲಿ ಗುರುತು ಹಾಕಬೇಕಿತ್ತು, ಗಡಿಬಿಡಿಯಲ್ಲಿ ಬಿಟ್ಟೆ. ಕಂಪ್ಯೂಟರು ಹಳೆಯದೇ ಹಿರಿಯದು ಎಂದುಕೊಂಡಿತು. ಐದನೇ ದಿನ ಮನೆಗೆ ಕಳಿಸುವಾಗ ಛಾಪಿಸಿದ ಕಾರ್ಡಿನ ಮೇಲೆ ದೊಡ್ಡದಾಗಿ ಶಕುಂತಲಾ ಅಪ್ಪಾಸಾಹೇಬ ಎಂದು ಬಂತು. ಅತ್ತೆ ನನ್ನ ಕೌಂಟರಿಗೆ ಬಂದು, ಈ ಶಕುಂತಲಾ ಯಾರು, ನಮ್ಮ ಮನೆಯಲ್ಲಿ ಆ ಹೆಸರಿನವರು ಯಾರೂ ಇಲ್ಲ ಎಂದು ಗಟ್ಟಿಯಾಗಿಯೇ ಕೇಳಿದರು. ಕ್ಷಮೆ ಕೇಳಿ, ಸರಿ ಮಾಡಿ, ದೀಪಾಲಿಯ ಹೆಸರಿನ ಹೊಸ ಕಾರ್ಡು ತೆಗೆದುಕೊಟ್ಟೆ. ತಪ್ಪು ಕಾರ್ಡನ್ನು ವಾಪಸು ಪಡೆದು ಹರಿಯಬೇಕು ಎಂಬುದು ನೇಮ. ಅದು ವಾರ್ಡಿನಲ್ಲಿ ಅವಳ ಹತ್ತಿರವೇ ಇತ್ತು.

ಹೋದಾಗ ಕೂಸು ಮಲಗಿತ್ತು. ಅವಳು ಕಾರ್ಡು ಹಿಡಿದು ಓದುತ್ತ ಕೂತಿದ್ದಳು. ಕೊಡವ್ವಾ, ಅದು ತಪ್ಪು ಬಂದಿದೆ, ಹರಿಯಬೇಕು ಅಂದೆ.

“ಇದರಾಗ ತಪ್ಪ ಏನೈತ್ರಿ ಮಾವಶಿ?”

ನಾನೂ ನೋಡಿದೆ. ತಾರೀಖು ಸರಿ. ಕೂಸಿನ ತೂಕ ಸರಿ. ಪೆನಿಸಿಲಿನ್ ಕೊಡಬಾರದು ಎಂದು ಡಾಕ್ಟರಬಾಯಿ ಕೆಂಪಿನಲ್ಲಿ ಬರೆದಿದ್ದರು, ಅದೂ ಸರಿ.

“ಏನಿಲ್ಲ,” ಅಂದೆ.

ಅವಳು ಅದನ್ನು ಎರಡು ಮಡಿಕೆ ಮಾಡಿ ಕೂಸಿನ ದುಪ್ಪಟಿಯ ಕೆಳಗೆ ಇಟ್ಟಳು. ನಾನು ಕೆಳಗೆ ಬಂದು, ವಹಿಯಲ್ಲಿ ಅವಳ ನಂಬರಿನ ಮುಂದೆ, ಹರಿದು ಹಾಕಿದೆ ಎಂದು ಬರೆದೆ.